ಬಣ್ಣ ಹಿಡಿಯದ ಕೋಶಕೇಂದ್ರ: ಅಂಡಾಶಯ ಕ್ಯಾನ್ಸರ್‌ಗಳಲ್ಲಿ ಕಾವಲು ಜೀನ್‌ಗಳು ಮೌನವಾಗುವ ಬಗೆ

ಸೂಕ್ಷ್ಮದರ್ಶಕದ ಕೆಳಗಿಟ್ಟ ಗಾಜಿನ ಪಟ್ಟಿಯ ಮೇಲೆ ಅಂಡಾಶಯದ ಗಡ್ಡೆಯಿಂದ ತೆಗೆದ ತೆಳುವಾದ ಪದರವೊಂದಿದೆ. ಪಿ53 ಎಂಬ ಪ್ರೋಟೀನಿಗೆ ಮಾತ್ರ ಅಂಟಿಕೊಳ್ಳುವ ಪ್ರತಿಕಾಯವನ್ನು ಅದರ ಮೇಲೆ ಹಾಕಿ, ಅಂಟಿದ ಕಡೆಯಲ್ಲೆಲ್ಲ ಕಂದು ಬಣ್ಣ ಮೂಡುವಂತೆ ಮಾಡಲಾಗಿದೆ. ಗಡ್ಡೆಯ ಕೋಶಗಳನ್ನು ನೋಡಿದರೆ ಅವುಗಳ ಕೋಶಕೇಂದ್ರಗಳು ನಸುನೀಲಿಯಾಗಿಯೇ ಉಳಿದಿವೆ. ಒಂದರಲ್ಲೂ ಕಂದಿನ ಸುಳಿವಿಲ್ಲ. ಆದರೆ ಆ ಕೋಶಗಳ ಗುಂಪುಗಳ ನಡುವೆ ಹಾದುಹೋಗುವ ಆಧಾರ ಅಂಗಾಂಶದಲ್ಲಿ ಮತ್ತು ಅಲ್ಲೊಂದು ಇಲ್ಲೊಂದು ಕಾಣುವ ಬಿಳಿರಕ್ತಕಣದಲ್ಲಿ ತೆಳುವಾದ ಕಂದು ಛಾಯೆ ಕಾಣುತ್ತದೆ. ಪೆಥಾಲಜಿಸ್ಟ್ ಮೊದಲು ಹುಡುಕುವುದು ಈ ತೆಳು ಛಾಯೆಯನ್ನು. ಅದು ಇದ್ದರೆ ಪ್ರತಿಕಾಯ ತನ್ನ ಕೆಲಸ ಮಾಡಿದೆ, ಗಡ್ಡೆಯ ಕೋಶಗಳಲ್ಲಿ ಪಿ53 ನಿಜವಾಗಿಯೂ ಇಲ್ಲ ಎಂದು ಬರೆಯಬಹುದು. ಅದೂ ಇಲ್ಲದಿದ್ದರೆ, ಕಾಣೆಯಾದದ್ದು ಪ್ರೋಟೀನೋ ಅಥವಾ ಬಣ್ಣ ಹಾಕುವ ವಿಧಾನವೇ ಕೆಟ್ಟಿತೋ ಎಂದು ಹೇಳಲಾಗದು; ಪರೀಕ್ಷೆಯನ್ನು ಮತ್ತೆ ಮಾಡಬೇಕಾಗುತ್ತದೆ.

ಪಕ್ಕದಲ್ಲಿ ಇನ್ನೊಬ್ಬ ರೋಗಿಯ ಗಾಜಿನ ಪಟ್ಟಿ ಇದೆ ಎಂದುಕೊಳ್ಳೋಣ. ಅಲ್ಲಿ ಗಡ್ಡೆಯ ಕೋಶಕೇಂದ್ರಗಳೆಲ್ಲ ಗಾಢ ಕಂದಾಗಿ, ಕಾಫಿ ಚೆಲ್ಲಿದಂತೆ ಕಾಣುತ್ತವೆ. ಅನುಭವವಿಲ್ಲದ ಕಣ್ಣಿಗೆ ಇದು ಮೊದಲನೆಯದಕ್ಕೆ ನೇರ ವಿರುದ್ಧವೆನಿಸುತ್ತದೆ. ಆದರೆ ಎರಡೂ ವರದಿಗಳಲ್ಲಿ ಬರುವ ತೀರ್ಮಾನ ಒಂದೇ: ಪಿ53 ತಯಾರಿಸುವ ಟಿಪಿ53 ಜೀನ್ ಕೆಟ್ಟಿದೆ. ಆರೋಗ್ಯವಂತ ಪಿ53 ಪ್ರೋಟೀನು ತನ್ನನ್ನೇ ಒಡೆದುಹಾಕುವ ಎಂಡಿಎಂ2 ಎಂಬ ಮತ್ತೊಂದು ಪ್ರೋಟೀನನ್ನು ತಾನೇ ತಯಾರಿಸಲು ಹಚ್ಚುತ್ತದೆ. ಹಾಗಾಗಿ ಅದು ಕೋಶದಲ್ಲಿ ಯಾವಾಗಲೂ ಅಲ್ಪ ಪ್ರಮಾಣದಲ್ಲಿರುತ್ತದೆ. ಒಂದು ಅಮೈನೋ ಆಮ್ಲ ಬದಲಾಗಿ ಕೆಲಸ ಕಳೆದುಕೊಂಡ ಪಿ53ಕ್ಕೆ ಈ ಶಕ್ತಿ ಇರುವುದಿಲ್ಲ. ಒಡೆಯುವವರಿಲ್ಲದೆ ಅದು ರಾಶಿಯಾಗುತ್ತದೆ. ಜೀನ್‌ನ ನಡುವೆಯೇ ನಿಲುಗಡೆ ಸಂಕೇತ ಬಂದು ಪ್ರೋಟೀನೇ ತಯಾರಾಗದಿದ್ದಾಗ ಮಾತ್ರ ಮೊದಲ ಪಟ್ಟಿಯ ನೀಲಿ ಶೂನ್ಯ ಕಾಣುತ್ತದೆ. ಅಂಡಾಶಯ ಕ್ಯಾನ್ಸರ್‌ನಲ್ಲಿ ಗಡ್ಡೆ ನಿಗ್ರಹಿಸುವ ಜೀನ್‌ಗಳ ಬಗ್ಗೆ ಬರೆಯುವಾಗ 'ಅಭಿವ್ಯಕ್ತಿ ನಷ್ಟ' (ಜೀನ್ ಓದಿಸಿಕೊಂಡು ಪ್ರೋಟೀನು ತಯಾರಾಗುವುದು ನಿಲ್ಲುವುದು) ಎಂಬ ಮಾತನ್ನು ಎಚ್ಚರದಿಂದ ಬಳಸಬೇಕಾದ ಮೊದಲ ಕಾರಣ ಇದು. ಪ್ರೋಟೀನು ಕಾಣೆಯಾಗುವುದು ಬೇರೆ, ಕೆಲಸ ನಿಲ್ಲುವುದು ಬೇರೆ. ಎರಡನೆಯ ಕಾರಣ ಇನ್ನೂ ದೊಡ್ಡದು, ಈ ಲೇಖನದ ಹೆಚ್ಚಿನ ಭಾಗ ಅದರ ಬಗ್ಗೆಯೇ ಇದೆ: ಒಂದು ಜೀನ್ ಮೌನವಾಗಿದೆ ಎನ್ನುವುದಕ್ಕಿಂತ ಅದು ಯಾವ ಉಪವಿಧದ ಗಡ್ಡೆಯಲ್ಲಿ, ಯಾವ ದಾರಿಯಿಂದ ಮೌನವಾಯಿತು ಎನ್ನುವುದೇ ರೋಗಿಯ ಚಿಕಿತ್ಸೆಯನ್ನೂ ಅವಳ ಮನೆಯವರ ಅಪಾಯವನ್ನೂ ನಿರ್ಧರಿಸುತ್ತದೆ.

ಕೋಶವಿಭಜನೆಗೆ ಕಡಿವಾಣ ಹಾಕುವ, ಡಿಎನ್‌ಎ ಮುರಿದಾಗ ಸರಿಪಡಿಸುವ, ಸರಿಪಡಿಸಲಾಗದಿದ್ದಾಗ ಕೋಶವನ್ನೇ ಸಾಯಿಸುವ ಜೀನ್‌ಗಳನ್ನು ಗಡ್ಡೆ ನಿಗ್ರಹಕ ಜೀನ್‌ಗಳೆನ್ನುತ್ತಾರೆ. ಪ್ರತಿ ಕೋಶದಲ್ಲೂ ತಾಯಿಯಿಂದ ಒಂದು, ತಂದೆಯಿಂದ ಒಂದು ಎಂದು ಇವುಗಳ ಎರಡು ಪ್ರತಿಗಳಿರುತ್ತವೆ. ಕಣ್ಣಿನ ರೆಟಿನೊಬ್ಲಾಸ್ಟೋಮಾ ಎಂಬ ಮಕ್ಕಳ ಕ್ಯಾನ್ಸರ್‌ನ 48 ಪ್ರಕರಣಗಳ ಲೆಕ್ಕ ಹಾಕಿ, ಗಡ್ಡೆ ಹುಟ್ಟಲು ಎರಡು ಪೆಟ್ಟು ಬೇಕೆಂದು ಆಲ್ಫ್ರೆಡ್ ನುಡ್ಸನ್ ವಾದಿಸಿದ್ದು 1971ರಲ್ಲಿ. ಒಂದು ಪ್ರತಿ ಹೋದರೆ ಇನ್ನೊಂದು ನಿಭಾಯಿಸುತ್ತದೆ, ಎರಡೂ ಹೋದರೆ ಕಾವಲಿಲ್ಲ. ಪೆಟ್ಟು ಹಲವು ಬಗೆಯದು. ಜೀನ್‌ನ ಅಕ್ಷರಗಳೇ ತಪ್ಪಿಹೋಗಬಹುದು. ಆ ಜೀನ್ ಇರುವ ವರ್ಣತಂತುವಿನ ತುಂಡೇ ಕಳೆದುಹೋಗಬಹುದು. ಅಕ್ಷರವೊಂದೂ ಬದಲಾಗದೆ, ಜೀನ್‌ನ ಹೆಬ್ಬಾಗಿಲಿನಂತಿರುವ ಪ್ರೊಮೋಟರ್ ಭಾಗದ ಮೇಲೆ ಮಿಥೈಲ್ ಗುಂಪುಗಳು ಕೂತು ಓದುವ ಯಂತ್ರವನ್ನು ಒಳಗೆ ಬಿಡದೇ ಇರಬಹುದು. ಕೊನೆಯದು ಬರಹ ಅಳಿಸಿದ್ದಲ್ಲ, ಪುಸ್ತಕಕ್ಕೆ ಬೀಗ ಹಾಕಿದ್ದು. ಬೀಗ ತೆಗೆಯಬಹುದು ಎನ್ನುವುದೇ ಅದರ ವಿಶೇಷ, ಮುಂದೆ ನೋಡುವಂತೆ ಅದೇ ಅದರ ಕಾಟವೂ ಹೌದು.

2022ರ ಜಾಗತಿಕ ಅಂದಾಜಿನಂತೆ ಒಂದೇ ವರ್ಷದಲ್ಲಿ ಸುಮಾರು 3.24 ಲಕ್ಷ ಮಹಿಳೆಯರಲ್ಲಿ ಅಂಡಾಶಯ ಕ್ಯಾನ್ಸರ್ ಹೊಸದಾಗಿ ಪತ್ತೆಯಾಯಿತು, ಸುಮಾರು 2.07 ಲಕ್ಷ ಮಂದಿ ಅದರಿಂದ ಸತ್ತರು. ಈ ಸಂಖ್ಯೆಗಳು ಒಂದೇ ಹೆಸರಿನ ಕೆಳಗೆ ಬರುತ್ತವೆಯಾದರೂ ರೋಗ ಒಂದಲ್ಲ. ಹೊರಪದರದ ಕೋಶಗಳಿಂದ ಹುಟ್ಟುವ ಗಡ್ಡೆಗಳಲ್ಲೇ ಐದು ಮುಖ್ಯ ವಿಧಗಳಿವೆ: ಉನ್ನತ ದರ್ಜೆಯ ಸೀರಸ್, ಕೆಳ ದರ್ಜೆಯ ಸೀರಸ್, ಎಂಡೊಮೆಟ್ರಿಯಾಯ್ಡ್, ಕ್ಲಿಯರ್ ಸೆಲ್ ಮತ್ತು ಮ್ಯೂಸಿನಸ್. ಮೊದಲನೆಯದೊಂದೇ ಸುಮಾರು ಶೇ 70ರಷ್ಟಿದೆ. ಉಳಿದವು ಅಪರೂಪವಾದ್ದರಿಂದ ದಶಕಗಳ ಕಾಲ ಸಂಶೋಧಕರು ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕಿ 'ಅಂಡಾಶಯ ಕ್ಯಾನ್ಸರ್‌ನಲ್ಲಿ ಈ ಜೀನ್‌ನ ಅಭಿವ್ಯಕ್ತಿ ಇಷ್ಟು ಶೇಕಡಾ ಕಡಿಮೆ' ಎಂದು ಬರೆದರು. ಕೆನಡಾದ ತಂಡವೊಂದು 2008ರಲ್ಲಿ 500 ಗಡ್ಡೆಗಳಲ್ಲಿ 21 ಪ್ರೋಟೀನುಗಳನ್ನು ಪರೀಕ್ಷಿಸಿ, ಅವುಗಳಲ್ಲಿ 20ರ ಪ್ರಮಾಣ ಉಪವಿಧದಿಂದ ಉಪವಿಧಕ್ಕೆ ಗಮನಾರ್ಹವಾಗಿ ಬೇರೆಯಾಗಿರುವುದನ್ನು ತೋರಿಸಿತು. ನನ್ನ ಮಟ್ಟಿಗೆ ಹಳೆಯ ಸರಾಸರಿಗಳ ಮೇಲಿನ ನಂಬಿಕೆ ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ, ಇಂದಿಗೂ ಎಲ್ಲ ಉಪವಿಧಗಳನ್ನು ಕಲಸಿದ ಲೆಕ್ಕಗಳು ಪ್ರಕಟವಾಗುತ್ತಲೇ ಇವೆ.

ಉನ್ನತ ದರ್ಜೆಯ ಸೀರಸ್ ಗಡ್ಡೆಯಿಂದಲೇ ಶುರುಮಾಡಬಹುದು. ಕ್ಯಾನ್ಸರ್ ಜೀನೋಮ್ ಅಟ್ಲಾಸ್ ಯೋಜನೆ 2011ರಲ್ಲಿ ಇಂತಹ 316 ಗಡ್ಡೆಗಳ ಜೀನ್‌ಗಳನ್ನು ಓದಿದಾಗ ಶೇ 96ರಲ್ಲಿ ಟಿಪಿ53 ಕೆಟ್ಟಿತ್ತು. ಆಶ್ಚರ್ಯವೆಂದರೆ ಅದರ ಆಚೆಗೆ ಹೆಚ್ಚಿನ ಗಡ್ಡೆಗಳಲ್ಲಿ ಸಮಾನವಾಗಿ ಕೆಟ್ಟಿದ್ದ ಇನ್ನೊಂದು ಜೀನ್ ಸಿಗಲಿಲ್ಲ. ಈ ಗಡ್ಡೆಗಳಲ್ಲಿ ಅಕ್ಷರದೋಷಗಳಿಗಿಂತ ವರ್ಣತಂತುಗಳು ಮುರಿದು, ತುಂಡಾಗಿ, ಅಡ್ಡಾದಿಡ್ಡಿ ಸೇರಿಕೊಂಡಿರುವುದೇ ಹೆಚ್ಚು. ಇಲ್ಲಿ ಭೂಗೋಳವೂ ಲೆಕ್ಕಕ್ಕೆ ಬರುತ್ತದೆ. ಟಿಪಿ53 ಇರುವುದು 17ನೇ ವರ್ಣತಂತುವಿನ ಗಿಡ್ಡ ತೋಳಿನಲ್ಲಿ. ಬಿಆರ್‌ಸಿಎ1 ಮತ್ತು ಎನ್‌ಎಫ್1 ಎಂಬ ಇನ್ನೆರಡು ಕಾವಲು ಜೀನ್‌ಗಳಿರುವುದು ಅದೇ ವರ್ಣತಂತುವಿನ ಉದ್ದ ತೋಳಿನಲ್ಲಿ. ಈ ಗಡ್ಡೆಗಳಲ್ಲಿ 17ನೇ ವರ್ಣತಂತುವಿನ ಒಂದು ಪ್ರತಿ ಇಡಿಯಾಗಿ ಕಳೆದುಹೋಗುವುದು ಬಹಳ ಸಾಮಾನ್ಯ, ಆಗ ಮೂರಕ್ಕೂ ಒಂದೊಂದು ಪೆಟ್ಟು ಒಂದೇ ಏಟಿಗೆ ಬಿದ್ದಂತೆ. 13ನೇ ವರ್ಣತಂತುವಿನಲ್ಲಿ ಬಿಆರ್‌ಸಿಎ2 ಮತ್ತು ಆರ್‌ಬಿ1 ಜೀನ್‌ಗಳು ಹೀಗೆಯೇ ನೆರೆಹೊರೆಯಲ್ಲಿವೆ. ಹುಟ್ಟಿನಿಂದಲೇ ಬಿಆರ್‌ಸಿಎ1ರ ಕೆಟ್ಟ ಪ್ರತಿಯೊಂದನ್ನು ಹೊತ್ತು ಬಂದ ಮಹಿಳೆಯ ಕೋಶವೊಂದರಲ್ಲಿ ಟಿಪಿ53 ಕೆಟ್ಟು, ಬಳಿಕ ಉಳಿದ ಒಳ್ಳೆಯ 17ನೇ ವರ್ಣತಂತುವೂ ಜಾರಿಹೋದರೆ, ಎರಡು ಕಾವಲುಗಳು ಒಟ್ಟಿಗೇ ಮುಗಿಯುತ್ತವೆ. ಅಂತಹ ಮಹಿಳೆಯರಿಗೆ 80 ವರ್ಷ ತುಂಬುವುದರೊಳಗೆ ಅಂಡಾಶಯ ಕ್ಯಾನ್ಸರ್ ಬರುವ ಅಪಾಯ ಸುಮಾರು ಶೇ 44 ಎಂದೂ, ಬಿಆರ್‌ಸಿಎ2 ಕೆಟ್ಟಿದ್ದವರಿಗೆ ಸುಮಾರು ಶೇ 17 ಎಂದೂ 2017ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ಅಂದಾಜಿಸಿತು. ಉಳಿದ ಮಹಿಳೆಯರಲ್ಲಿ ಇದು ಶೇ 1ಕ್ಕಿಂತ ಸ್ವಲ್ಪ ಹೆಚ್ಚು ಅಷ್ಟೆ.

ಡಿಎನ್‌ಎ ಮುರಿತ ಸರಿಪಡಿಸುವ ಬಿಆರ್‌ಸಿಎ1 ಮೌನವಾಗಲು ಇನ್ನೊಂದು ದಾರಿಯಿದೆ. ಅದೇ ಅಟ್ಲಾಸ್‌ನ ಗಡ್ಡೆಗಳಲ್ಲಿ ಸುಮಾರು ಶೇ 11ರಲ್ಲಿ ಈ ಜೀನ್‌ನ ಅಕ್ಷರಗಳು ಸರಿಯಾಗಿಯೇ ಇದ್ದವು. ಪ್ರೊಮೋಟರ್ ಮೇಲೆ ಮಿಥೈಲ್ ಬೀಗ ಬಿದ್ದಿತ್ತು. ಬೀಗ ಬಿದ್ದ ಗಡ್ಡೆಗಳಲ್ಲಿ ಅಕ್ಷರದೋಷ ಇರಲಿಲ್ಲ, ಅಕ್ಷರದೋಷವಿದ್ದ ಗಡ್ಡೆಗಳಲ್ಲಿ ಬೀಗ ಇರಲಿಲ್ಲ. ಒಂದು ಸಾಕಾದ ಮೇಲೆ ಗಡ್ಡೆಗೆ ಇನ್ನೊಂದು ಬೇಕಿಲ್ಲ. ಪ್ರೋಟೀನಿನ ಮಟ್ಟದಲ್ಲಿ ನೋಡಿದರೆ ಎರಡೂ ಕಡೆ ಫಲಿತಾಂಶ ಒಂದೇ ಆಗಬೇಕು, ಕಾಗದದ ಮೇಲೆ ಎರಡೂ 'ಬಿಆರ್‌ಸಿಎ1 ನಷ್ಟ'ವೇ. ಆದರೆ ರೋಗಿಗಳ ಆಯಸ್ಸು ಬೇರೆ ಕತೆ ಹೇಳಿತು. ಬಿಆರ್‌ಸಿಎ ಜೀನ್‌ಗಳಲ್ಲಿ ಅಕ್ಷರದೋಷವಿದ್ದ ಮಹಿಳೆಯರು ಉಳಿದವರಿಗಿಂತ ಹೆಚ್ಚು ಕಾಲ ಬದುಕಿದರು, ಏಕೆಂದರೆ ಡಿಎನ್‌ಎ ರಿಪೇರಿ ಮಾಡಿಕೊಳ್ಳಲಾಗದ ಗಡ್ಡೆ ಡಿಎನ್‌ಎಗೆ ಪೆಟ್ಟು ಕೊಡುವ ಪ್ಲಾಟಿನಂ ಔಷಧಿಗಳ ಮುಂದೆ ನಿಲ್ಲುವುದಿಲ್ಲ. ಬೀಗ ಬಿದ್ದ ಗಡ್ಡೆಗಳಿದ್ದವರಿಗೆ ಈ ಲಾಭ ಸಿಗಲಿಲ್ಲ. ಅವರ ಮಧ್ಯಾಂಕ ಆಯಸ್ಸು 41.5 ತಿಂಗಳು, ಬಿಆರ್‌ಸಿಎ ಜೀನ್‌ಗಳು ಸರಿಯಾಗಿದ್ದವರದ್ದು 41.9 ತಿಂಗಳು.

ಇದಕ್ಕೆ ವಿವರಣೆ ನಿಧಾನವಾಗಿ ಸಿಕ್ಕಿತು. ಗಡ್ಡೆಯ ಕೋಶವೊಂದರಲ್ಲಿ ಬಿಆರ್‌ಸಿಎ1ರ ಎರಡೋ ಮೂರೋ ಪ್ರತಿಗಳಿದ್ದರೆ ಎಲ್ಲದಕ್ಕೂ ಬೀಗ ಬಿದ್ದಿರಬೇಕು. ಒಂದು ಪ್ರತಿಯಾದರೂ ತೆರೆದಿದ್ದರೆ ಅದು ಸಾಕಷ್ಟು ಪ್ರೋಟೀನು ತಯಾರಿಸಿ ರಿಪೇರಿಯನ್ನು ನಡೆಸಿಕೊಂಡು ಹೋಗುತ್ತದೆ. 2018ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಸಂಶೋಧಕರ ನೇತೃತ್ವದ ಕೆಲಸ ಇದನ್ನು ಸ್ಪಷ್ಟಪಡಿಸಿತು: ಡಿಎನ್‌ಎ ರಿಪೇರಿಯ ಇನ್ನೊಂದು ದಾರಿಯನ್ನು ತಡೆಯುವ ಪಾರ್ಪ್ ನಿರೋಧಕ ಔಷಧಿಗೆ ಗಡ್ಡೆ ಮಣಿಯಬೇಕಾದರೆ ಬೀಗ ಪೂರ್ಣವಾಗಿರಬೇಕು, ಮತ್ತು ಕಿಮೋಥೆರಪಿಯ ಒತ್ತಡದಲ್ಲಿ ಬೀಗ ಒಂದು ಪ್ರತಿಯ ಮೇಲಿಂದ ಸಡಿಲಗೊಳ್ಳಬಹುದು. ಹೀಗಿರುವಾಗ ವರ್ಷಗಳ ಹಿಂದೆ ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗಡ್ಡೆಯಲ್ಲಿ 'ಮಿಥೈಲೀಕರಣ ಇದೆ' ಎಂದು ಬಂದ ವರದಿಯನ್ನು ನಂಬಿ ಇಂದು ಔಷಧಿ ಬರೆಯುವುದು ಸರಿಯಲ್ಲ. ಇದೆ ಅಥವಾ ಇಲ್ಲ ಎಂಬ ಉತ್ತರವೇ ಇಲ್ಲಿ ಸಾಲದು. ಎಷ್ಟು ಪ್ರತಿಗಳಲ್ಲಿ, ಮತ್ತು ಈಗಲೂ ಇದೆಯೇ ಎನ್ನುವುದು ಬೇಕು.

ಕ್ಲಿಯರ್ ಸೆಲ್ ಮತ್ತು ಎಂಡೊಮೆಟ್ರಿಯಾಯ್ಡ್ ಗಡ್ಡೆಗಳಿಗೆ ಬಂದರೆ ಚಿತ್ರವೇ ಬದಲಾಗುತ್ತದೆ. ಗರ್ಭಕೋಶದ ಒಳಪದರದಂತಹ ಅಂಗಾಂಶ ಗರ್ಭಕೋಶದ ಹೊರಗೆ ಬೆಳೆಯುವ ಎಂಡೊಮೆಟ್ರಿಯೋಸಿಸ್ ಎಂಬ ತೊಂದರೆಯ ನೆಲದಲ್ಲಿ ಇವು ಅನೇಕ ವೇಳೆ ಹುಟ್ಟುತ್ತವೆ. ಇಲ್ಲಿ ಹೋಗುವ ಮುಖ್ಯ ಕಾವಲು ಅರಿಡ್1ಎ. ಕೋಶಕೇಂದ್ರದಲ್ಲಿ ಡಿಎನ್‌ಎ ಪ್ರೋಟೀನಿನ ಉಂಡೆಗಳಿಗೆ ಸುತ್ತಿಕೊಂಡಿರುತ್ತದೆ. ಆ ಸುತ್ತನ್ನು ಬೇಕಾದಲ್ಲಿ ಬಿಚ್ಚಿ ಯಾವ ಜೀನ್ ಓದಿಸಿಕೊಳ್ಳಬೇಕೆಂದು ತೀರ್ಮಾನಿಸುವ ದೊಡ್ಡ ಪ್ರೋಟೀನ್ ಕೂಟವೊಂದಿದೆ, ಅದರ ಒಂದು ಸದಸ್ಯ ಈ ಜೀನ್‌ನಿಂದ ಬರುತ್ತದೆ. 2010ರಲ್ಲಿ ವ್ಯಾಂಕೋವರ್‌ನ ಸಂಶೋಧಕರು ಮತ್ತು ಅವರ ಸಹೋದ್ಯೋಗಿಗಳು 119 ಕ್ಲಿಯರ್ ಸೆಲ್ ಗಡ್ಡೆಗಳಲ್ಲಿ 55ರಲ್ಲಿ, 33 ಎಂಡೊಮೆಟ್ರಿಯಾಯ್ಡ್ ಗಡ್ಡೆಗಳಲ್ಲಿ 10ರಲ್ಲಿ ಅರಿಡ್1ಎ ಕೆಟ್ಟಿರುವುದನ್ನು ಕಂಡರು. ಅವರು ನೋಡಿದ 76 ಉನ್ನತ ದರ್ಜೆಯ ಸೀರಸ್ ಗಡ್ಡೆಗಳಲ್ಲಿ ಒಂದರಲ್ಲೂ ಅದು ಕೆಟ್ಟಿರಲಿಲ್ಲ. ಕಲಸಿದ ಸರಾಸರಿ ಎಂತಹ ವಂಚನೆ ಎಂಬುದಕ್ಕೆ ಈ ಸೊನ್ನೆಗಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ.

ಆ ಕೆಲಸದ ಇನ್ನೊಂದು ವಿವರ ಹತ್ತಿರದಿಂದ ನೋಡಬೇಕಾದದ್ದು. ಇಬ್ಬರು ರೋಗಿಗಳಲ್ಲಿ ಗಡ್ಡೆಗೆ ಅಂಟಿಕೊಂಡೇ ಇದ್ದ, ಕೋಶಗಳ ಆಕಾರ ಸ್ವಲ್ಪ ಕೆಟ್ಟಿದ್ದ ಎಂಡೊಮೆಟ್ರಿಯೋಸಿಸ್ ಭಾಗದಲ್ಲೂ ಅರಿಡ್1ಎ ಪ್ರೋಟೀನು ಇರಲಿಲ್ಲ. ಆದರೆ ಅದೇ ರೋಗಿಗಳಲ್ಲಿ ಗಡ್ಡೆಯಿಂದ ದೂರವಿದ್ದ ಎಂಡೊಮೆಟ್ರಿಯೋಸಿಸ್‌ನಲ್ಲಿ ಅದು ಎಂದಿನಂತೆ ಇತ್ತು. ಕಾವಲು ತಪ್ಪಿದ್ದು ಕ್ಯಾನ್ಸರ್ ಕಣ್ಣಿಗೆ ಬೀಳುವ ಮೊದಲೇ ಎಂದು ಇದರಿಂದ ಊಹಿಸಬಹುದು. ಹಾಗೆಂದು ಅರಿಡ್1ಎ ಹೋದಲ್ಲೆಲ್ಲ ಕ್ಯಾನ್ಸರ್ ಬರುತ್ತದೆ ಎನ್ನುವಂತಿಲ್ಲ. ಕ್ಯಾನ್ಸರ್‌ನ ಯಾವ ಲಕ್ಷಣವೂ ಇಲ್ಲದ ಆಳವಾದ ಎಂಡೊಮೆಟ್ರಿಯೋಸಿಸ್‌ನಲ್ಲೂ ಅರಿಡ್1ಎ ಸೇರಿದಂತೆ ಕ್ಯಾನ್ಸರ್‌ಗೆ ಹೆಸರಾದ ಜೀನ್‌ಗಳ ದೋಷಗಳು ಕೆಲವರಲ್ಲಿ ಸಿಕ್ಕಿರುವುದು 2017ರಲ್ಲಿ ವರದಿಯಾಯಿತು. ಫೆಲೋಪಿಯನ್ ನಾಳದಲ್ಲೂ ಇದೇ ಪಾಠ ಇದೆ. ಉನ್ನತ ದರ್ಜೆಯ ಸೀರಸ್ ಗಡ್ಡೆಗಳಲ್ಲಿ ಹೆಚ್ಚಿನವು ಅಂಡಾಶಯದಲ್ಲಲ್ಲ, ನಾಳದ ಅಂಡಾಶಯದ ಕಡೆಗಿನ ಜಾಲರಿಯಂತಹ ತುದಿಯಲ್ಲಿ ಹುಟ್ಟುತ್ತವೆ ಎಂದು ಈಗ ಒಪ್ಪಲಾಗಿದೆ. ಮುನ್ನೆಚ್ಚರಿಕೆಗಾಗಿ ತೆಗೆದ ನಾಳಗಳನ್ನು ತೆಳುವಾಗಿ ಸೀಳಿ ಪಿ53 ಬಣ್ಣ ಹಾಕಿದಾಗ, ನೋಡಲು ಪೂರ್ತಿ ಸಹಜವಾಗಿರುವ ಹತ್ತು ಹನ್ನೆರಡು ಕೋಶಗಳ ಸಾಲೊಂದು ಮಾತ್ರ ಗಾಢ ಕಂದಾಗಿ ಎದ್ದು ಕಾಣುವುದುಂಟು. ಅದನ್ನು 'ಪಿ53 ಸಹಿ' ಎನ್ನುತ್ತಾರೆ. ಇಂತಹ ಸಹಿಗಳು ಬಿಆರ್‌ಸಿಎ ದೋಷವಿಲ್ಲದ, ಕ್ಯಾನ್ಸರ್ ಬರದ ಮಹಿಳೆಯರಲ್ಲೂ ಸಾಕಷ್ಟು ಸಿಗುತ್ತವೆ.

ಪಿಟೆನ್ ಜೀನ್ ಹೋಗುವುದು ಎಂಡೊಮೆಟ್ರಿಯಾಯ್ಡ್ ಗಡ್ಡೆಗಳಲ್ಲಿ ಸಾಮಾನ್ಯ. ಅದು ಹೋದರೆ ಕೋಶದ ಬೆಳವಣಿಗೆಗೆ ಹಚ್ಚುವ ಪಿಐ3ಕೆ ಎಂಬ ಸಂಕೇತಮಾರ್ಗಕ್ಕೆ ತಡೆಯಿಲ್ಲದಂತಾಗುತ್ತದೆ. ಇದಕ್ಕಿಂತ ರೋಗಿಗೆ ನೇರವಾಗಿ ಮುಖ್ಯವಾದದ್ದು ಇದೇ ಎರಡು ಉಪವಿಧಗಳಲ್ಲಿ ಕಾಣುವ ಅಕ್ಷರದೋಷ ತಿದ್ದುವ ಜೀನ್‌ಗಳ ನಷ್ಟ. ಎಂಎಲ್‌ಎಚ್1, ಪಿಎಂಎಸ್2, ಎಂಎಸ್‌ಎಚ್2, ಎಂಎಸ್‌ಎಚ್6 ಎಂಬ ನಾಲ್ಕು ಪ್ರೋಟೀನುಗಳು ಜೋಡಿ ಜೋಡಿಯಾಗಿ ಕೆಲಸ ಮಾಡುತ್ತವೆ. ಎಂಎಲ್‌ಎಚ್1 ಇಲ್ಲದೆ ಪಿಎಂಎಸ್2 ಸ್ಥಿರವಾಗಿ ಉಳಿಯಲಾರದು, ಆದ್ದರಿಂದ ಗಾಜಿನ ಪಟ್ಟಿಯ ಮೇಲೆ ಎರಡೂ ಒಟ್ಟಿಗೆ ಕಾಣೆಯಾಗುತ್ತವೆ, ಕೆಟ್ಟದ್ದು ಒಂದೇ ಜೀನ್ ಆಗಿದ್ದರೂ. ಪಿಎಂಎಸ್2 ಕೆಟ್ಟರೆ ಅದೊಂದೇ ಕಾಣೆಯಾಗುತ್ತದೆ. ಇಲ್ಲಿ ಯಾವ ದಾರಿಯಿಂದ ನಷ್ಟವಾಯಿತು ಎಂಬ ಪ್ರಶ್ನೆ ರೋಗಿಯನ್ನು ದಾಟಿ ಅವಳ ಅಕ್ಕತಂಗಿಯರವರೆಗೆ, ಮಕ್ಕಳವರೆಗೆ ಹೋಗುತ್ತದೆ. ಎಂಎಲ್‌ಎಚ್1ರ ಪ್ರೊಮೋಟರ್ ಮೇಲೆ ಮಿಥೈಲ್ ಬೀಗ ಇದ್ದರೆ ಅದು ಸಾಮಾನ್ಯವಾಗಿ ಆ ಗಡ್ಡೆಯಲ್ಲಿ ಮಾತ್ರ ಆದ ಬದಲಾವಣೆ. ಬೀಗ ಇಲ್ಲದೆ ಪ್ರೋಟೀನು ಕಾಣೆಯಾಗಿದ್ದರೆ ಹುಟ್ಟಿನಿಂದ ಬಂದ ಲಿಂಚ್ ಸಿಂಡ್ರೋಮ್‌ನ ಶಂಕೆ ಏಳುತ್ತದೆ. ಆಗ ರಕ್ತದ ಡಿಎನ್‌ಎ ಪರೀಕ್ಷೆ ಆಗಬೇಕು, ಏಕೆಂದರೆ ಆ ಕುಟುಂಬದವರಿಗೆ ದೊಡ್ಡ ಕರುಳಿನ ಮತ್ತು ಗರ್ಭಕೋಶದ ಕ್ಯಾನ್ಸರ್‌ನ ಅಪಾಯವೂ ಹೆಚ್ಚು. ಚಿಕಿತ್ಸೆಯ ಮಟ್ಟಿಗೆ ಮಾತ್ರ ಈ ಭೇದ ಅಷ್ಟು ಮುಖ್ಯವಲ್ಲ. ತಿದ್ದುವವರಿಲ್ಲದ ಗಡ್ಡೆಯಲ್ಲಿ ಅಕ್ಷರದೋಷಗಳು ತುಂಬಿ, ಅವು ರೋಗನಿರೋಧಕ ವ್ಯವಸ್ಥೆಯ ಕಣ್ಣಿಗೆ ಬೀಳುತ್ತವೆ. 2017ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಆ ವ್ಯವಸ್ಥೆಯ ತಡೆ ತೆಗೆಯುವ ಪೆಂಬ್ರೊಲಿಝುಮ್ಯಾಬ್ ಔಷಧಿಗೆ, ಗಡ್ಡೆ ಯಾವ ಅಂಗದ್ದೆಂದು ನೋಡದೆ, ಈ ಒಂದು ನಷ್ಟವನ್ನೇ ಆಧಾರವಾಗಿಟ್ಟು ಒಪ್ಪಿಗೆ ಕೊಟ್ಟರು.

ಕೆಳ ದರ್ಜೆಯ ಸೀರಸ್ ಗಡ್ಡೆಯಲ್ಲಿ ಪಿ53 ಸಾಮಾನ್ಯವಾಗಿ ಆರೋಗ್ಯವಾಗಿರುತ್ತದೆ. ಅಲ್ಲಿ ಕಾವಲು ತಪ್ಪುವುದಕ್ಕಿಂತ ಕೆರಾಸ್, ಬಿರಾಫ್‌ನಂತಹ ವೇಗವರ್ಧಕ ಜೀನ್‌ಗಳು ಕೆರಳುವುದು ಹೆಚ್ಚು. ಮ್ಯೂಸಿನಸ್ ಗಡ್ಡೆಗಳಲ್ಲಿ ಸಿಡಿಕೆಎನ್2ಎ ಮತ್ತು ಟಿಪಿ53 ಎರಡೂ ಪದೇ ಪದೇ ಕೆಡುತ್ತವೆ. ಮ್ಯೂಸಿನಸ್ ಎಂದು ಕಂಡದ್ದೆಲ್ಲ ಅಂಡಾಶಯದ್ದಲ್ಲ ಎಂಬ ತೊಡಕು ಬೇರೆ ಇದೆ, ಕರುಳು, ಜಠರ ಅಥವಾ ಮೇದೋಜೀರಕ ಗ್ರಂಥಿಯಿಂದ ಹರಡಿ ಬಂದದ್ದಿರಬಹುದು. ಅಲ್ಲಿ ಎಸ್‌ಮ್ಯಾಡ್4 ಎಂಬ ಕಾವಲು ಪ್ರೋಟೀನಿನ ನಷ್ಟ ಒಂದು ವಿಳಾಸದ ಚೀಟಿಯಂತೆ ಉಪಯೋಗಕ್ಕೆ ಬರುತ್ತದೆ: ಮೇದೋಜೀರಕ ಗ್ರಂಥಿಯ ಕ್ಯಾನ್ಸರ್‌ಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಅದು ಕಾಣೆಯಾಗುತ್ತದೆ, ಅಂಡಾಶಯದಲ್ಲೇ ಹುಟ್ಟಿದ ಮ್ಯೂಸಿನಸ್ ಗಡ್ಡೆಯಲ್ಲಿ ಬಹುತೇಕ ಉಳಿದಿರುತ್ತದೆ.

ಈ ಐದರ ಪಟ್ಟಿಗೆ ಸೇರದ ಒಂದು ಅಪರೂಪದ ರೋಗ ಇಡೀ ವಿಷಯಕ್ಕೆ ಎಲ್ಲಕ್ಕಿಂತ ಹೆಚ್ಚು ಬೆಳಕು ಚೆಲ್ಲುತ್ತದೆ. ರಕ್ತದಲ್ಲಿ ಕ್ಯಾಲ್ಸಿಯಂ ಏರಿಸುವ ಸಣ್ಣಕೋಶದ ಅಂಡಾಶಯ ಕ್ಯಾನ್ಸರ್ ಎಂಬುದು ಸಾಮಾನ್ಯವಾಗಿ ಇಪ್ಪತ್ತರ ಆಸುಪಾಸಿನ ಯುವತಿಯರಿಗೆ ಬರುತ್ತದೆ, ವೇಗವಾಗಿ ಕೊಲ್ಲುತ್ತದೆ. 2014ರಲ್ಲಿ ಏಕಕಾಲಕ್ಕೆ ಹಲವು ತಂಡಗಳು ಇದರ ಜೀನೋಮ್ ಓದಿದಾಗ ಸಿಕ್ಕದ್ದು ಬಹುತೇಕ ಶಾಂತವಾದ ಬರಹ: ವರ್ಣತಂತುಗಳು ಸರಿಯಾಗಿವೆ, ಟಿಪಿ53 ಸರಿಯಾಗಿದೆ, ಕೆಟ್ಟಿರುವುದು ಸ್ಮಾರ್ಕಾ4 ಎಂಬ ಒಂದೇ ಜೀನ್. ಅರಿಡ್1ಎ ಯಾವ ಕೂಟದ ಸದಸ್ಯನೋ ಅದೇ ಕೂಟದ ಎಂಜಿನ್ ಇದು. ಈ ಕೂಟಕ್ಕೆ ಸ್ಮಾರ್ಕಾ2 ಎಂಬ ಬದಲಿ ಎಂಜಿನ್ ಇದೆ. ಸಾಮಾನ್ಯ ಕೋಶದಲ್ಲಿ ಒಂದು ನಿಂತರೆ ಇನ್ನೊಂದು ನಡೆಸುತ್ತದೆ. ಈ ಗಡ್ಡೆಗಳಲ್ಲಿ ಸ್ಮಾರ್ಕಾ2 ಜೀನ್‌ನಲ್ಲಿ ಒಂದಕ್ಷರದ ದೋಷವೂ ಸಿಗುವುದಿಲ್ಲ, ಆದರೂ ಅದರ ಪ್ರೋಟೀನು ಕಾಣುವುದಿಲ್ಲ. ಡಿಎನ್‌ಎ ಪರೀಕ್ಷೆ ಮಾತ್ರ ಮಾಡಿದ್ದರೆ ಸ್ಮಾರ್ಕಾ2 ಚೆನ್ನಾಗಿದೆ ಎಂದೇ ವರದಿ ಬರುತ್ತಿತ್ತು. ಅದರ ಗೈರುಹಾಜರಿ ಬಯಲಾದದ್ದು ಅಭಿವ್ಯಕ್ತಿಯನ್ನು ನೋಡಿದ್ದರಿಂದ. ಈ ಮೌನ ಬೀಗದ ಬಗೆಯದು ಎಂಬುದಕ್ಕೆ ಪುರಾವೆಯೂ ಇದೆ, ಪ್ರಯೋಗಾಲಯದಲ್ಲಿ ಡಿಎನ್‌ಎ ಸುತ್ತನ್ನು ಸಡಿಲಿಸುವ ಔಷಧಿಗಳನ್ನು ಕೊಟ್ಟಾಗ ಈ ಕೋಶಗಳಲ್ಲಿ ಸ್ಮಾರ್ಕಾ2 ಮರಳಿ ಕಾಣಿಸಿಕೊಳ್ಳುತ್ತದೆ.

ಹೆಸರುಗಳನ್ನು ನಂಬಿದರೆ ಮೋಸ ಹೋಗಬೇಕಾದೀತು. ಡಬ್ಲ್ಯುಟಿ1 ಎಂಬ ಜೀನ್ ಮಕ್ಕಳ ಮೂತ್ರಪಿಂಡದ ವಿಲ್ಮ್ಸ್ ಗಡ್ಡೆಯಲ್ಲಿ ಕಾವಲು ಜೀನ್ ಎಂದೇ ಪತ್ತೆಯಾದದ್ದು, ಹೆಸರು ಬಂದದ್ದೂ ಅಲ್ಲಿಂದ. ಸೀರಸ್ ಗಡ್ಡೆಗಳಲ್ಲಿ ಅದು ಕಳೆದುಹೋಗುವುದಿರಲಿ, ಎಷ್ಟು ಚೆನ್ನಾಗಿ ಕಾಣುತ್ತದೆಂದರೆ ಸೀರಸ್ ವಿಧವನ್ನು ಇತರ ವಿಧಗಳಿಂದ ಬೇರ್ಪಡಿಸಲು ಪೆಥಾಲಜಿಸ್ಟ್‌ಗಳು ಅದನ್ನೇ ಬಳಸುತ್ತಾರೆ. ಪಿ16 ಎಂಬ ಕಾವಲು ಪ್ರೋಟೀನೂ ಹಾಗೆಯೇ: ಉನ್ನತ ದರ್ಜೆಯ ಸೀರಸ್ ಗಡ್ಡೆಯಲ್ಲಿ ಅದು ಅನೇಕ ವೇಳೆ ಉಕ್ಕಿ ಹರಿಯುತ್ತಿರುತ್ತದೆ. ಅದರ ಕೆಳಗಿನ ಹಂತದಲ್ಲಿರುವ ಆರ್‌ಬಿ1 ದಾರಿ ಮುರಿದುಬಿದ್ದಿರುವುದರಿಂದ ಎಷ್ಟು ಪಿ16 ಇದ್ದರೂ ಬ್ರೇಕು ಹಿಡಿಯುವುದಿಲ್ಲ. ಆರ್‌ಬಿ1ರ ನಷ್ಟಕ್ಕೆ ಮತ್ತೊಂದು ವಿಚಿತ್ರ ಮುಖವಿದೆ. ಕಾವಲು ಜೀನ್ ಹೋದರೆ ರೋಗಿಗೆ ಕೆಡುಕೇ ಎಂದು ನಾವು ಊಹಿಸುತ್ತೇವೆ. ಆದರೆ ಬಿಆರ್‌ಸಿಎ ದೋಷದ ಜೊತೆಗೆ ಆರ್‌ಬಿ1 ಕೂಡ ಹೋದ ಗಡ್ಡೆಗಳಿದ್ದ ಮಹಿಳೆಯರು ನಿರೀಕ್ಷೆ ಮೀರಿ ದೀರ್ಘಕಾಲ ಬದುಕಿದವರ ಗುಂಪಿನಲ್ಲಿ ಹೆಚ್ಚಾಗಿ ಕಂಡುಬಂದಿದ್ದಾರೆ. ಗಡ್ಡೆಯನ್ನು ಹುಟ್ಟಿಸಿದ ನಷ್ಟವೇ ಚಿಕಿತ್ಸೆಯ ಮುಂದೆ ಅದರ ದೌರ್ಬಲ್ಯವೂ ಆಗಬಲ್ಲದು.

ಇಷ್ಟು ಹೇಳಿದ ಮೇಲೆ, 1990ರ ದಶಕದಿಂದ ಸಾಲುಸಾಲಾಗಿ ಬಂದ 'ಅಂಡಾಶಯ ಕ್ಯಾನ್ಸರ್‌ನಲ್ಲಿ ಅಭಿವ್ಯಕ್ತಿ ಕಳೆದುಕೊಂಡ ಹೊಸ ನಿಗ್ರಹಕ ಜೀನ್' ಎಂಬ ಘೋಷಣೆಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಅವುಗಳಲ್ಲಿ ಕೆಲವು ಗಟ್ಟಿಯಾಗಿ ನಿಂತಿವೆ. 1ನೇ ವರ್ಣತಂತುವಿನ ಡಿರಾಸ್3 ಜೀನ್‌ನಲ್ಲಿ ತಾಯಿಯಿಂದ ಬಂದ ಪ್ರತಿ ಹುಟ್ಟಿನಿಂದಲೇ ಮೌನ, ತಂದೆಯದ್ದು ಮಾತ್ರ ಕೆಲಸ ಮಾಡುತ್ತದೆ. ಅಲ್ಲಿ ಎರಡು ಪೆಟ್ಟು ಬೇಕಿಲ್ಲ, ಒಂದೇ ಸಾಕು. 11ನೇ ವರ್ಣತಂತುವಿನ ತುದಿಯಲ್ಲಿರುವ ಓಪಿಸಿಎಂಎಲ್ ಜೀನ್‌ನ ಮಿಥೈಲ್ ಬೀಗ 2003ರಲ್ಲಿ ವರದಿಯಾಯಿತು, ಆಮೇಲೆಯೂ ಬೇರೆ ಕೆಲಸಗಳಲ್ಲಿ ಕಂಡುಬಂದಿದೆ. ಆದರೆ ಇಂತಹ ಪಟ್ಟಿಯಲ್ಲಿರುವ ಹಲವು ಜೀನ್‌ಗಳ ಮಟ್ಟಿಗೆ ನನಗೆ ಎರಡು ಅನುಮಾನಗಳಿವೆ. ನಷ್ಟ ಎನ್ನಬೇಕಾದರೆ ಮೊದಲು ಏನಿತ್ತು ಎಂದು ಗೊತ್ತಿರಬೇಕು. ಹಳೆಯ ಹೋಲಿಕೆಗಳು ಗಡ್ಡೆಯನ್ನು 'ಸಹಜ ಅಂಡಾಶಯ'ದ ಪಕ್ಕದಲ್ಲಿಟ್ಟವು. ಅಂಡಾಶಯದ ಬಹುಪಾಲು ಆಧಾರ ಅಂಗಾಂಶ. ಅದರ ಮೇಲ್ಮೈ ಕೋಶಗಳೂ ನಾಳದ ಕೋಶಗಳೂ ಒಂದೇ ಅಲ್ಲ. ಗಡ್ಡೆ ನಾಳದಿಂದ ಬಂದದ್ದಾದರೆ, ಅಂಡಾಶಯದಲ್ಲಿದ್ದು ಗಡ್ಡೆಯಲ್ಲಿಲ್ಲದ ಜೀನ್ ಕಳೆದುಹೋದದ್ದೇ ಆಗಬೇಕಿಲ್ಲ, ಹುಟ್ಟಿದ ಮನೆಯಲ್ಲೇ ಅದು ಎಂದೂ ಇರದಿದ್ದಿರಬಹುದು. ಎರಡನೆಯ ಅನುಮಾನ ಪ್ರಯೋಗಾಲಯದ ಕೋಶಗಳ ಬಗ್ಗೆ. ಅಂಡಾಶಯ ಕ್ಯಾನ್ಸರ್ ಪ್ರಯೋಗಗಳಲ್ಲಿ ಅತಿ ಹೆಚ್ಚು ಬಳಕೆಯಾದ ಎಸ್‌ಕೆಒವಿ3 ಮತ್ತು ಎ2780 ಎಂಬ ಎರಡು ಕೋಶತಳಿಗಳು ಉನ್ನತ ದರ್ಜೆಯ ಸೀರಸ್ ಗಡ್ಡೆಗೆ ಹೋಲುವುದೇ ಇಲ್ಲವೆಂದು 2013ರಲ್ಲಿ ಜೀನೋಮ್ ಹೋಲಿಕೆಯೊಂದು ತೋರಿಸಿತು. ಎ2780ರಲ್ಲಿ ಟಿಪಿ53 ಕೆಟ್ಟೇ ಇಲ್ಲ. ಒಂದು ಉಪವಿಧದ ಕೋಶದಲ್ಲಿ ಜೀನ್ ಮರಳಿಸಿ, ಬೆಳವಣಿಗೆ ತಗ್ಗಿತೆಂದು ನೋಡಿ, ಇನ್ನೊಂದು ಉಪವಿಧದ ರೋಗಿಗಳ ಬಗ್ಗೆ ತೀರ್ಮಾನ ಬರೆದ ಲೇಖನಗಳು ಹೀಗೆ ಎಷ್ಟೋ ಆಗಿಹೋಗಿವೆ.

ನಷ್ಟವನ್ನೇ ಆಯುಧವಾಗಿಸುವ ಚಿಕಿತ್ಸೆಗಳಲ್ಲಿ ಈ ಎಲ್ಲ ಸೂಕ್ಷ್ಮಗಳೂ ಒಟ್ಟಿಗೆ ಎದುರಾಗುತ್ತವೆ. ಪಾರ್ಪ್ ಎಂಬ ಕಿಣ್ವ ಡಿಎನ್‌ಎಯ ಒಂದೆಳೆಯ ಸಣ್ಣ ಮುರಿತಗಳನ್ನು ಸರಿಪಡಿಸಲು ನೆರವಾಗುತ್ತದೆ. ಅದನ್ನು ತಡೆದರೆ ಮುರಿತಗಳು ಬೆಳೆದು ಎರಡೆಳೆಯೂ ತುಂಡಾಗುತ್ತದೆ; ಆಗ ಬಿಆರ್‌ಸಿಎ ಬೇಕು. ಅದೂ ಇಲ್ಲದ ಗಡ್ಡೆಯ ಕೋಶ ಸಾಯುತ್ತದೆ, ಒಂದು ಒಳ್ಳೆಯ ಪ್ರತಿ ಉಳಿದಿರುವ ದೇಹದ ಇತರ ಕೋಶಗಳು ಬದುಕುತ್ತವೆ. 2005ರಲ್ಲಿ ಎರಡು ತಂಡಗಳು ಇದನ್ನು ಪ್ರಯೋಗಾಲಯದಲ್ಲಿ ತೋರಿಸಿದವು. 2014ರ ಡಿಸೆಂಬರ್‌ನಲ್ಲಿ ಓಲಾಪರಿಬ್ ಎಂಬ ಔಷಧಿ ಅಂಡಾಶಯ ಕ್ಯಾನ್ಸರ್‌ಗೆಂದೇ ಒಪ್ಪಿಗೆ ಪಡೆಯಿತು.

ಗಡ್ಡೆ ಇದಕ್ಕೂ ಉತ್ತರ ಕಂಡುಕೊಂಡಿತು. ಜೀನ್‌ನ ಬರಹವನ್ನು ಕೋಶ ಮೂರು ಮೂರು ಅಕ್ಷರಗಳ ಪದಗಳಾಗಿ ಓದುತ್ತದೆ. 'ಅವಳು ಮನೆಗೆ ಕಮಲ ತರಲಿ' ಎಂಬ ವಾಕ್ಯದಲ್ಲೂ ಪ್ರತಿ ಪದಕ್ಕೆ ಮೂರೇ ಅಕ್ಷರ. ಎರಡನೆಯ ಅಕ್ಷರ 'ವ' ಬಿದ್ದುಹೋಗಿ, ಓದುವವನು ಹಟ ಹಿಡಿದು ಮೂರು ಮೂರಾಗಿಯೇ ಓದಿದರೆ 'ಅಳುಮ ನೆಗೆಕ ಮಲತ ರಲಿ' ಎಂದಾಗುತ್ತದೆ. ಬಿಆರ್‌ಸಿಎ2ರಲ್ಲಿ ಒಂದೇ ಅಕ್ಷರ ಬಿದ್ದುಹೋಗುವ, ಅಶ್ಕೆನಾಝಿ ಯಹೂದಿ ಮೂಲದವರಲ್ಲಿ ಪೀಳಿಗೆಗಳಿಂದ ಬಂದಿರುವ ದೋಷವೊಂದು ಹೀಗೆಯೇ ಇಡೀ ಬರಹವನ್ನು ಕೆಡಿಸುತ್ತದೆ. ಈಗ ಇನ್ನೂ ಎರಡು ಅಕ್ಷರ, 'ನೆ' ಮತ್ತು 'ಗೆ', ಬಿದ್ದುಹೋಗಲಿ: 'ಅಳುಮ ಕಮಲ ತರಲಿ'. ಮೊದಲ ಪದ ಹಾಳಾಗಿದೆ, ಒಂದು ಪದ ಕಾಣೆಯಾಗಿದೆ, ಉಳಿದದ್ದಕ್ಕೆ ಅರ್ಥ ಮರಳಿದೆ. ಎರಡನೆಯ ತಪ್ಪು ಮೊದಲ ತಪ್ಪನ್ನು ಸರಿದೂಗಿಸಿ, ಕುಂಟುತ್ತಲಾದರೂ ಕೆಲಸ ಮಾಡುವ ಬಿಆರ್‌ಸಿಎ ಪ್ರೋಟೀನು ಮರಳಿ ಬರುವುದನ್ನು 2008ರಲ್ಲಿ ಚಿಕಿತ್ಸೆಗೆ ಬಗ್ಗದ ಕೋಶಗಳಲ್ಲೂ ರೋಗಿಗಳ ಗಡ್ಡೆಗಳಲ್ಲೂ ಗುರುತಿಸಲಾಯಿತು.

ಇಂದು ಔಷಧಿಯ ಆಯ್ಕೆಗೆ ಹೆಚ್ಚಾಗಿ ಬಳಸುವ ರಿಪೇರಿ ವೈಫಲ್ಯದ ಪರೀಕ್ಷೆ ಗಡ್ಡೆಯ ಡಿಎನ್‌ಎಯಲ್ಲಿ ಉಳಿದ ಗಾಯದ ಕಲೆಗಳನ್ನು ಎಣಿಸುತ್ತದೆ. ಬಿಆರ್‌ಸಿಎ ಇಲ್ಲದಿದ್ದ ಕಾಲದಲ್ಲಿ ವರ್ಣತಂತುಗಳಿಗಾದ ಗಾಯಗಳವು. ಬರಹ ಸರಿಹೋದ ಮೇಲೂ, ಬೀಗ ತೆರೆದ ಮೇಲೂ ಆ ಕಲೆಗಳು ಅಳಿಸುವುದಿಲ್ಲ. ಎಣಿಕೆ ಮೊದಲಿನಷ್ಟೇ ಬರುತ್ತದೆ. ಗಡ್ಡೆ ಈ ಕ್ಷಣದಲ್ಲಿ ರಿಪೇರಿ ಮಾಡಿಕೊಳ್ಳಬಲ್ಲದೇ ಎಂದು ತಿಳಿಯಲು ಬೇರೆ ಉಪಾಯ ಬೇಕು. ವಿಭಜನೆಯಾಗುತ್ತಿರುವ ಕೋಶಗಳಲ್ಲಿ ಮುರಿದ ಡಿಎನ್‌ಎಯ ಜಾಗಕ್ಕೆ ಬಂದು ಸೇರುವ ರಾಡ್51 ಎಂಬ ಪ್ರೋಟೀನಿನ ಚುಕ್ಕೆಗಳನ್ನು ಎಣಿಸುವ ವಿಧಾನ ಅವುಗಳಲ್ಲೊಂದು, ರಕ್ತದಲ್ಲಿ ತೇಲುವ ಗಡ್ಡೆಯ ಡಿಎನ್‌ಎಯಲ್ಲಿ ಎರಡನೆಯ ತಪ್ಪನ್ನು ಹುಡುಕುವುದು ಇನ್ನೊಂದು. ಮೊದಲನೆಯದಕ್ಕೆ ಮತ್ತೆ ಬೇಕಾಗುವುದು ಗಾಜಿನ ಪಟ್ಟಿ, ಪ್ರತಿಕಾಯ ಮತ್ತು ಬಣ್ಣ, ಜೊತೆಗೆ ಹಳೆಯ ಶಸ್ತ್ರಚಿಕಿತ್ಸೆಯದ್ದಲ್ಲದೆ ರೋಗ ಮರುಕಳಿಸಿದ ಮೇಲೆ ತೆಗೆದ ಹೊಸ ತುಣುಕು.